ಮಗುವಿಗೆ ಸಂರಕ್ಷಣಾ ಆದೇಶ: ಮಾಡಬೇಕಾದ್ದು, ಮಾಡಬಾರದ್ದು

ಮಗು ಈ ಕ್ಷಣ ಅಪಾಯದಲ್ಲಿದ್ದರೆ ಓದುವುದನ್ನು ನಿಲ್ಲಿಸಿ. 112ಕ್ಕೆ ಫೋನ್ ಮಾಡಿ. ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಿ. ಎರಡೂ ಉಚಿತ, ಹಗಲು ರಾತ್ರಿ ಸಿಗುತ್ತವೆ. ಮಗು ಸುರಕ್ಷಿತ ಜಾಗಕ್ಕೆ ಬಂದ ಮೇಲೆ ಇದನ್ನು ಓದಿ.

ಇದು ತಾಯಿಗೆ, ಅಜ್ಜಿಗೆ, ದೊಡ್ಡಮ್ಮನಿಗೆ, ಶಾಲೆಯ ಮೇಷ್ಟ್ರಿಗೆ, ಅಂಗನವಾಡಿ ಕಾರ್ಯಕರ್ತೆಗೆ, ಪಕ್ಕದ ಮನೆಯವರಿಗೆ. ಮಗುವಿನ ಪರವಾಗಿ ಯಾರು ನಿಂತಿದ್ದಾರೋ ಅವರಿಗೆ. ಮಗು ಎಂದರೆ 18 ತುಂಬದ ಹುಡುಗಿಯೂ ಹೌದು, ಹುಡುಗನೂ ಹೌದು.

ಹೊಡೆದವನು, ಕೆಟ್ಟದಾಗಿ ಮುಟ್ಟಿದವನು ಮತ್ತೆ ಮಗುವಿನ ಹತ್ತಿರ ಸುಳಿಯದಂತೆ ತಡೆಯಲು ನಮ್ಮಲ್ಲಿ ಮುಖ್ಯವಾಗಿ ಮೂರು ಬಗೆಯ ಆದೇಶಗಳಿವೆ. ಒಂದು, ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಅಡಿ ಮ್ಯಾಜಿಸ್ಟ್ರೇಟರು ಕೊಡುವ ಸಂರಕ್ಷಣಾ ಆದೇಶ. ಕೋರ್ಟಿನಲ್ಲಿ ಇದಕ್ಕೆ ‘ಡಿವಿ ಕೇಸು’ ಎನ್ನುತ್ತಾರೆ. ದೌರ್ಜನ್ಯ ಮಾಡಿದವರು ಮನೆಯವರೇ ಆಗಿದ್ದರೆ ದಾರಿ ಇದು. ಎರಡು, ಬಾಲನ್ಯಾಯ ಕಾಯ್ದೆ, 2015ರ ಅಡಿ ಮಕ್ಕಳ ಕಲ್ಯಾಣ ಸಮಿತಿ ಕೊಡುವ ಆದೇಶ. ಮಗು ಯಾರ ಬಳಿ ಇರಬೇಕು ಎಂಬುದನ್ನು ಸಮಿತಿ ತೀರ್ಮಾನಿಸುತ್ತದೆ. ಮೂರು, ಕ್ರಿಮಿನಲ್ ಕೇಸಿನಲ್ಲಿ ಆರೋಪಿಗೆ ಜಾಮೀನು ಕೊಡುವಾಗ ಕೋರ್ಟು ಹಾಕುವ ಷರತ್ತುಗಳು. ಟ್ಯೂಷನ್ ಮೇಷ್ಟ್ರು, ಶಾಲಾ ವ್ಯಾನಿನ ಡ್ರೈವರ್, ಮನೆ ಓನರ್, ಹೀಗೆ ಹೊರಗಿನವನಾದರೆ ಡಿವಿ ಕಾಯ್ದೆ ಅವನನ್ನು ಮುಟ್ಟುವುದಿಲ್ಲ. ಅಲ್ಲಿ ಜಾಮೀನಿನ ಷರತ್ತೇ ತಡೆಗೋಡೆ. ಒಂದು ಆದೇಶ ಸಿಕ್ಕಿತೆಂದು ಉಳಿದವನ್ನು ಬಿಡಬೇಕಾಗಿಲ್ಲ. ಮೂರೂ ಒಟ್ಟಿಗೆ ನಡೆಯಬಹುದು.

ಪರಿಣಾಮಗಳನ್ನು ಒಮ್ಮೆ ಮಾತ್ರ ಹೇಳುತ್ತೇವೆ. ಡಿವಿ ಸಂರಕ್ಷಣಾ ಆದೇಶ ಮುರಿದವನಿಗೆ 1 ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದು ಜಾಮೀನುರಹಿತ ಅಪರಾಧ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಜಾಮೀನಿನ ಷರತ್ತು ಮುರಿದರೆ ಜಾಮೀನೇ ರದ್ದಾಗಬಹುದು. ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದ ದೊಡ್ಡವರಿಗೆ 6 ತಿಂಗಳವರೆಗೆ ಜೈಲು. ತನ್ನ ಕೈಕೆಳಗಿನ ನೌಕರನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ 1 ವರ್ಷದವರೆಗೆ. ಇನ್ನು ಎಲ್ಲರೂ ಸುಮ್ಮನಿದ್ದರೆ ದೌರ್ಜನ್ಯ ಮಾಡಿದವನು ಮತ್ತೆ ಮಾಡುತ್ತಾನೆ.

ಮಾಡಬೇಕಾದ್ದು

ಮೊದಲ ಕೆಲವು ಗಂಟೆಗಳಲ್ಲಿ

• ಮಗುವನ್ನು ಆ ವ್ಯಕ್ತಿ ಇರುವ ಮನೆಯಿಂದ ಹೊರಗೆ ಕರೆದುಕೊಂಡು ಬನ್ನಿ.
• ಮಗು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಿ.
• ‘ನಿನ್ನ ತಪ್ಪು ಏನೂ ಇಲ್ಲ’ ಎಂದು ಬಾಯಿಬಿಟ್ಟು ಹೇಳಿ.
• ಮಗು ಬಳಸಿದ ಮಾತುಗಳನ್ನೇ ಬರೆದಿಡಿ, ಕೆಳಗೆ ದಿನಾಂಕ, ಸಮಯ ಹಾಕಿ.
• ಆಸ್ಪತ್ರೆಗೆ ಹೋಗಿ. ಎಫ್‌ಐಆರ್ ಆಗದಿದ್ದರೂ ವೈದ್ಯರು ಪರೀಕ್ಷಿಸಬೇಕು. ತುರ್ತು ಚಿಕಿತ್ಸೆಗೆ ಪೊಲೀಸ್ ಪತ್ರ ತನ್ನಿ ಎಂದು ಕೇಳುವಂತಿಲ್ಲ.
• ಹುಡುಗಿಯಾದರೆ ಮಹಿಳಾ ವೈದ್ಯರೇ ಪರೀಕ್ಷಿಸಬೇಕು ಎಂದು ಹೇಳಿ.
• ಪರೀಕ್ಷೆಯ ಹೊತ್ತಿನಲ್ಲಿ ಮಗು ನಂಬುವ ಒಬ್ಬರು ಪಕ್ಕದಲ್ಲಿರಿ.
• ಆ ಹೊತ್ತಿನ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿ ಇಡಿ.
• ವಯಸ್ಸಿನ ದಾಖಲೆ ಕೈಯಲ್ಲಿಟ್ಟುಕೊಳ್ಳಿ: ಜನನ ಪ್ರಮಾಣಪತ್ರ, ಇಲ್ಲದಿದ್ದರೆ ಶಾಲೆಯ ದಾಖಲಾತಿ ಪುಟದ ನಕಲು.

ಸ್ನಾನ ಆಗಿಹೋಗಿದೆ, ಬಟ್ಟೆ ಒಗೆದಾಗಿದೆ, ಹದಿನೈದು ದಿನ ಕಳೆದಿದೆ ಎಂದಾದರೂ ಆಸ್ಪತ್ರೆಗೆ ಹೋಗಿ, ದೂರು ಕೊಡಿ. ತಡವಾಯಿತು ಎಂಬ ಕಾರಣಕ್ಕೆ ದೂರು ಬಿದ್ದುಹೋಗುವುದಿಲ್ಲ. ಮಕ್ಕಳು ತಡವಾಗಿಯೇ ಹೇಳುತ್ತಾರೆ.

ಠಾಣೆಯಲ್ಲಿ

• ಹತ್ತಿರದ ಯಾವ ಠಾಣೆಗಾದರೂ ಹೋಗಿ. ‘ಇದು ನಮ್ಮ ಲಿಮಿಟ್ಸ್ ಅಲ್ಲ’ ಎಂದರೆ ಝೀರೋ ಎಫ್‌ಐಆರ್ ಮಾಡಿ ಎಂದು ಹೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಿನಲ್ಲೇ ಅದಕ್ಕೆ ಅವಕಾಶವಿದೆ.
• ಪೊಲೀಸರು ಬರೆದುಕೊಂಡದ್ದನ್ನು ಓದಿಸಿ ಕೇಳಿಸಿಕೊಳ್ಳಿ.
• ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ. ಅದಕ್ಕೆ ದುಡ್ಡಿಲ್ಲ.
• ಠಾಣೆಯಲ್ಲಿ ದಾಖಲಿಸದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ.
• ಪೋಕ್ಸೊ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯ್ದೆಯ ಪ್ರಕರಣವಾದರೆ ಮಗುವಿನ ಹೇಳಿಕೆಯನ್ನು ಮನೆಯಲ್ಲಿ, ಇಲ್ಲವೇ ಮಗು ಹೇಳಿದ ಜಾಗದಲ್ಲಿ ಪಡೆಯಲು ಕೇಳಿ.
• ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಬರಲಿ, ಸಮವಸ್ತ್ರದಲ್ಲಿ ಬಾರದಿರಲಿ ಎಂದು ಕೇಳಿ.
• ಮಗು ಆಡುವ ಭಾಷೆ ಬೇರೆಯಾದರೆ ದುಭಾಷಿ ಬೇಕೆಂದು ಬರೆದು ಕೊಡಿ.

ದುಭಾಷಿಯ ವಿಷಯ ಸಣ್ಣದೆಂದು ಬಿಡಬೇಡಿ. ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಬಂದವರ ಒಡಿಯಾ, ಹಿಂದಿ, ನೇಪಾಳಿ ಮಾತಾಡುವ ಮಕ್ಕಳ ಮಾತನ್ನು ಮೇಸ್ತ್ರಿಯೇ ಕನ್ನಡಕ್ಕೆ ಹೇಳಿದರೆ, ಆ ಮೇಸ್ತ್ರಿ ಆರೋಪಿಯ ಕಡೆಯವನಾಗಿದ್ದರೆ, ಹೇಳಿಕೆ ಅಲ್ಲಿಗೇ ಕೆಟ್ಟಿತು. ಕಾಸರಗೋಡಿನ, ಮುಂಬೈಯ ಕನ್ನಡ ಮನೆಗಳ ಮಕ್ಕಳಿಗೂ ಇದೇ ಹಕ್ಕಿದೆ. ಕನ್ನಡ ಬಲ್ಲವರನ್ನು ಕರೆಸಿ ಎಂದು ಅಲ್ಲಿನ ಪೊಲೀಸರಿಗೆ ಹೇಳಿ.

ಮಕ್ಕಳ ಕಲ್ಯಾಣ ಸಮಿತಿಯ ಮುಂದೆ

• ಆರೋಪಿ ಅದೇ ಮನೆಯಲ್ಲಿದ್ದರೆ ಪೊಲೀಸರು 24 ಗಂಟೆಯೊಳಗೆ ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಾಡಿದ್ದಾರಾ ಎಂದು ವಿಚಾರಿಸಿ.
• ಮಾಡದಿದ್ದರೆ 1098ಕ್ಕೆ ತಿಳಿಸಿ ನೀವೇ ಕರೆದೊಯ್ಯಿರಿ.
• ಆ ದಿನ ಸಮಿತಿ ಕೂರದಿದ್ದರೆ ಒಬ್ಬ ಸದಸ್ಯರ ಮುಂದಾದರೂ ಹಾಜರುಪಡಿಸಿ. ಕಾನೂನು ಅದಕ್ಕೆ ಒಪ್ಪುತ್ತದೆ.
• ಮಗುವನ್ನು ಸುರಕ್ಷಿತವಾಗಿ ಇಟ್ಟುಕೊಳ್ಳಬಲ್ಲವರ ಹೆಸರು, ವಿಳಾಸ, ಫೋನ್ ನಂಬರ್ ಬರೆದು ಕೊಡಿ.
• ಮಗುವಿಗೆ ಎಲ್ಲಿರಲು ಇಷ್ಟ ಎಂದು ಸಮಿತಿಯೇ ಮಗುವನ್ನು ಕೇಳಲಿ ಎಂದು ಕೋರಿ.
• ಸಪೋರ್ಟ್ ಪರ್ಸನ್ ಎಂದು ಕರೆಯುವ ಬೆಂಬಲ ವ್ಯಕ್ತಿಯನ್ನು ನೇಮಿಸಲು ಕೇಳಿ. ಕೇಸು ಮುಗಿಯುವವರೆಗೆ ಮಗುವಿನ ಜೊತೆ ನಡೆಯುವವರು ಅವರು.
• ಊಟ, ಬಟ್ಟೆ, ಓಡಾಟಕ್ಕೆ ಕೈಯಲ್ಲಿ ಕಾಸಿಲ್ಲದಿದ್ದರೆ ತುರ್ತು ನೆರವಿಗೆ ಶಿಫಾರಸು ಮಾಡಲು ಕೇಳಿ. ಪೋಕ್ಸೊ ನಿಯಮ 2020ರ ಪ್ರಕಾರ ಶಿಫಾರಸು ತಲುಪಿದ ಒಂದು ವಾರದೊಳಗೆ ಅದು ಕೈಸೇರಬೇಕು.

ಪೋಕ್ಸೊ ಪ್ರಕರಣದಲ್ಲಿ ಮಗುವನ್ನು ಮನೆಯಿಂದ ಹೊರಗಿಡಬೇಕೇ ಎಂಬುದನ್ನು ಸಮಿತಿ 3 ದಿನದೊಳಗೆ ತೀರ್ಮಾನಿಸಬೇಕು. ಈ ಮೂರು ದಿನಗಳಲ್ಲಿ ಅಜ್ಜಿಯೋ ಸೋದರಮಾವನೋ ಸಮಿತಿಯ ಮುಂದೆ ಬಂದು ‘ನಾನು ನೋಡಿಕೊಳ್ಳುತ್ತೇನೆ’ ಎಂದು ನಿಲ್ಲದಿದ್ದರೆ ಬಾಲಮಂದಿರವೇ ಗತಿ. ಬಾಲಮಂದಿರ ಕೆಟ್ಟದ್ದೆಂದಲ್ಲ. ಮನೆಯಲ್ಲಿ ಸುರಕ್ಷಿತರು ಯಾರೂ ಇಲ್ಲದಿದ್ದರೆ ಅದೇ ಸರಿ. ಆದರೆ ಹೊಡೆಸಿಕೊಂಡ ಮಗುವನ್ನು ಮನೆಯಿಂದ ತೆಗೆದು, ಹೊಡೆದವನನ್ನು ಮನೆಯಲ್ಲೇ ಬಿಡುವುದು ಅನ್ಯಾಯ. ಅವನನ್ನು ಹೊರಗೆ ಹಾಕುವ ದಾರಿ ಇದೆಯೇ ಎಂದು ಮೊದಲು ನೋಡಿ. ಆ ದಾರಿ ಮುಂದಿನದು.

ಡಿವಿ ಅರ್ಜಿ ಹಾಕುವಾಗ

• ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ ಕಚೇರಿಗೆ ಹೋಗಿ. ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿಯ ಕೆಲಸ ಅವರದ್ದೇ.
• ಅವರಿಂದ ಕೌಟುಂಬಿಕ ಘಟನಾ ವರದಿ ಬರೆಸಿ.
• ಸುರಕ್ಷತಾ ಯೋಜನೆಯನ್ನೂ ತುಂಬಿಸಿ. ನಿಯಮಗಳಲ್ಲಿ ಅದಕ್ಕೆ ನಮೂನೆ 5 ಇದೆ, ಅನೇಕರು ಅದನ್ನು ಕೇಳುವುದೇ ಇಲ್ಲ.
• ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಇಲ್ಲವೇ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ.
• ನೀವು ಈಗ ಎಲ್ಲಿದ್ದೀರೋ ಅಲ್ಲಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಹಾಕಿ. ತವರಿಗೆ ಬಂದಿದ್ದರೆ ತವರೂರಿನ ಕೋರ್ಟು ಆಗುತ್ತದೆ.
• ಮಗಳ ಪರವಾಗಿ ತಾಯಿ ಹಾಕದಿದ್ದರೆ ಅಜ್ಜಿ ಹಾಕಿ, ನೆರೆಯವರು ಹಾಕಿ, ಸಂರಕ್ಷಣಾಧಿಕಾರಿಯಿಂದಲೇ ಹಾಕಿಸಿ. ನೊಂದವಳ ಪರವಾಗಿ ಬೇರೆ ಯಾರಾದರೂ ಅರ್ಜಿ ಹಾಕಬಹುದು ಎಂದು 12ನೇ ಸೆಕ್ಷನ್ ಹೇಳುತ್ತದೆ.
• ಮಗನಾದರೆ ಅರ್ಜಿ ತಾಯಿಯ ಹೆಸರಲ್ಲಿರಲಿ, ಒಳಗೆ ಮಗನ ಹೆಸರು ಸ್ಪಷ್ಟವಾಗಿ ಬರಲಿ.
• ಆ ದಿನವೇ ಮಧ್ಯಂತರ ಆದೇಶ ಕೇಳಿ. ಪ್ರಮಾಣಪತ್ರ ಸಲ್ಲಿಸಿದರೆ ಎದುರುದಾರನಿಗೆ ನೋಟಿಸ್ ಹೋಗುವ ಮೊದಲೇ 23ನೇ ಸೆಕ್ಷನ್ನಿನಡಿ ಏಕಪಕ್ಷೀಯ ಆದೇಶ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ.
• ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಲಿ ಎಂದು ಕೇಳಿ.
• ಫ್ಯಾಮಿಲಿ ಕೋರ್ಟಿನಲ್ಲಿ ಬೇರೆ ಕೇಸು ಇದ್ದರೆ ಅರ್ಜಿಯಲ್ಲಿ ತಿಳಿಸಿ.

ಮೊದಲ ವಿಚಾರಣೆ ಸಾಮಾನ್ಯವಾಗಿ ಅರ್ಜಿ ಬಂದ 3 ದಿನದೊಳಗೆ ಇರಬೇಕು, ಅಲ್ಲಿಂದ 60 ದಿನದಲ್ಲಿ ಅರ್ಜಿ ಇತ್ಯರ್ಥವಾಗಬೇಕು ಎಂದು ಕಾಯ್ದೆ ಹೇಳುತ್ತದೆ. ವಾಯಿದೆ ಮೇಲೆ ವಾಯಿದೆ ಬೀಳುತ್ತಿದ್ದರೆ ಈ ಎರಡು ಅಂಕಿಗಳನ್ನು ವಕೀಲರಿಗೆ ನೆನಪಿಸಿ.

ಇನ್ನು ಅರ್ಜಿಯಲ್ಲಿ ಏನು ಬೇಡಬೇಕು ಎಂಬುದು. ಇಡೀ ಕೆಲಸದ ತಿರುಳು ಇಲ್ಲಿದೆ. ‘ಮಗುವಿಗೆ ರಕ್ಷಣೆ ಕೊಡಿಸಬೇಕಾಗಿ ಪ್ರಾರ್ಥನೆ’ ಎಂದು ಒಂದು ಸಾಲು ಬರೆದರೆ ಆದೇಶವೂ ಅಷ್ಟೇ ಮೊಂಡಾಗಿ ಬರುತ್ತದೆ. ನಾಳೆ ಅದನ್ನು ಹಿಡಿದು ಠಾಣೆಗೆ ಹೋದರೆ ‘ಗೇಟಿನ ಹೊರಗೆ ನಿಂತಿದ್ದ ಅಷ್ಟೇ, ಒಳಗೆ ಬಂದಿಲ್ಲವಲ್ಲಮ್ಮ’ ಎಂಬ ಉತ್ತರ ಬರುತ್ತದೆ. ಆದ್ದರಿಂದ ಬಿಡಿಬಿಡಿಯಾಗಿ ಬರೆಸಿ:

‘ಎದುರುದಾರನು ಮಗುವಿನ ಶಾಲೆಗೆ, ಟ್ಯೂಷನ್ನಿಗೆ, ಅಲ್ಲಿಗೆ ಹೋಗಿ ಬರುವ ದಾರಿಗೆ, ಬಸ್ ಸ್ಟಾಪಿಗೆ ಬರಕೂಡದು.’

‘ಮಗು ವಾಸವಿರುವ ಯಾವ ಜಾಗಕ್ಕೂ ಬರಕೂಡದು.’

‘ಫೋನ್, ವಾಟ್ಸಾಪ್, ಪತ್ರ, ಆನ್‌ಲೈನ್ ಆಟದ ಚಾಟ್, ಯಾವುದರಿಂದಲೂ ಮಗುವನ್ನು ಸಂಪರ್ಕಿಸಕೂಡದು.’

‘ತನ್ನ ತಾಯಿ, ತಮ್ಮ, ಸ್ನೇಹಿತರ ಕೈಯಲ್ಲಿ ಮಾತು, ದುಡ್ಡು, ತಿಂಡಿ, ಉಡುಗೊರೆ ಕಳಿಸಕೂಡದು.’

‘ಮಗುವಿಗೆ ಆಸರೆ ಕೊಟ್ಟವರನ್ನು, ಸಾಕ್ಷಿ ಹೇಳುವವರನ್ನು ಹೆದರಿಸಕೂಡದು.’

‘ಶಾಲೆಯಿಂದ ಟಿಸಿ ತೆಗೆಸಕೂಡದು, ಪಾಸ್‌ಪೋರ್ಟ್ ಮಾಡಿಸಕೂಡದು, ಮಗುವನ್ನು ಊರು ಬಿಟ್ಟು ಕರೆದೊಯ್ಯಕೂಡದು.’

ಇವೆಲ್ಲ 18ನೇ ಸೆಕ್ಷನ್ನಿನಡಿ ಬರಲಿ. ಜೈಲಿನ ಶಿಕ್ಷೆ ಇರುವುದು ಸಂರಕ್ಷಣಾ ಆದೇಶ ಮುರಿದದ್ದಕ್ಕೆ. ಅವನನ್ನು ಮನೆಯಿಂದ ಹೊರಹಾಕಲು 19ನೇ ಸೆಕ್ಷನ್, ಜೀವನಾಂಶಕ್ಕೆ 20, ಮಗುವಿನ ತಾತ್ಕಾಲಿಕ ಸುಪರ್ದಿಗೆ ಮತ್ತು ಭೇಟಿ ನಿರಾಕರಣೆಗೆ 21. ಆದೇಶ ಜಾರಿಗೆ ಠಾಣಾಧಿಕಾರಿ ನೆರವಾಗಬೇಕು ಎಂಬ ಸಾಲನ್ನೂ ಕೇಳಿ, 19ರಲ್ಲೇ ಅದಕ್ಕೆ ಅವಕಾಶವಿದೆ.

ದೌರ್ಜನ್ಯ ಮಾಡುತ್ತಿರುವವಳು ಹೆಂಗಸಾಗಿದ್ದರೂ ಅರ್ಜಿ ನಡೆಯುತ್ತದೆ. 2016ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ‘ವಯಸ್ಕ ಪುರುಷ’ ಎಂಬ ಪದಗಳನ್ನೇ ಕಾಯ್ದೆಯಿಂದ ತೆಗೆದುಹಾಕಿತು. ಆದರೆ ಹೆಂಗಸನ್ನು ಮನೆಯಿಂದ ಹೊರಹಾಕುವ ಆದೇಶ 19ನೇ ಸೆಕ್ಷನ್ನಿನಲ್ಲಿ ಸಿಗುವುದಿಲ್ಲ. ಅಂಥಲ್ಲಿ ಮಗುವನ್ನು ಬೇರೆ ಕಡೆ ಇರಿಸಲು ಮಕ್ಕಳ ಕಲ್ಯಾಣ ಸಮಿತಿಗೇ ಹೋಗಿ.

ಆದೇಶ ಕೈಗೆ ಬಂದ ದಿನ

• ಪ್ರತಿ ಕೇಳಿ ಪಡೆಯಿರಿ. ಡಿವಿ ಕಾಯ್ದೆಯ 24ನೇ ಸೆಕ್ಷನ್ನಿನ ಪ್ರಕಾರ ಅದು ಉಚಿತ.
• ಹತ್ತು ನಕಲು ತೆಗೆಸಿ.
• ಒಂದನ್ನು ಮಗು ಇರುವ ಜಾಗದ ಠಾಣೆಗೆ ಕೊಟ್ಟು ಇನ್ನೊಂದರ ಮೇಲೆ ಸೀಲು ಹಾಕಿದ ಸ್ವೀಕೃತಿ ಪಡೆಯಿರಿ. ಕೋರ್ಟಿನಿಂದ ಹೋಗುತ್ತದೆ ಎಂದು ನಂಬಿ ಕೂರಬೇಡಿ.
• ಒಂದನ್ನು ಶಾಲೆಯ ಮುಖ್ಯಶಿಕ್ಷಕರ ಕೈಗೇ ಕೊಡಿ.
• ಅವನ ಫೋಟೊವನ್ನು ಶಾಲೆಯ ಗೇಟಿನವರಿಗೆ ತೋರಿಸಿ.
• ಮಗುವನ್ನು ಕರೆದೊಯ್ಯಲು ಯಾರು ಬರಬಹುದು ಎಂಬ ಹೆಸರುಗಳನ್ನು ಬರೆದು ಕೊಡಿ.
• ಶಾಲಾ ವ್ಯಾನಿನ ಡ್ರೈವರ್‌ಗೆ ಹೇಳಿ.
• ಆದೇಶದ ಫೋಟೊ ನಿಮ್ಮ ಫೋನಿನಲ್ಲಿ, ಇನ್ನೊಬ್ಬ ನಂಬಿಕಸ್ಥರ ಫೋನಿನಲ್ಲಿ ಇಡಿ.
• ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ: ‘ಅವರು ನಿನ್ನ ಹತ್ತಿರ ಬರಬಾರದು ಅಂತ ಕೋರ್ಟು ಹೇಳಿದೆ. ಬಂದರೆ ಟೀಚರ್ ಹತ್ತಿರ ಓಡು, ನನಗೆ ಹೇಳು.’
• 1098 ಎಂಬ ನಂಬರನ್ನು ಮಗುವಿಗೆ ಬಾಯಿಪಾಠ ಮಾಡಿಸಿ.

ಆದೇಶ ದೇಶದ ಉದ್ದಗಲಕ್ಕೂ ಜಾರಿಯಲ್ಲಿರುತ್ತದೆ. ಬೆಳಗಾವಿಯಲ್ಲಿ ಪಡೆದದ್ದು ಕೊಲ್ಲಾಪುರದಲ್ಲಿ ನಡೆಯುತ್ತದೆ, ಮಂಗಳೂರಿನದು ಕಾಸರಗೋಡಿನಲ್ಲಿ ನಡೆಯುತ್ತದೆ. ಊರು ಬದಲಾಯಿಸಿದರೆ ಹೊಸ ಠಾಣೆಗೆ, ಹೊಸ ಶಾಲೆಗೆ ಮತ್ತೆ ಪ್ರತಿ ಕೊಡಿ.

ಆದೇಶ ಮುರಿದಾಗ

• 112ಕ್ಕೆ ಫೋನ್ ಮಾಡಿ.
• ‘ಕೋರ್ಟಿನ ಸಂರಕ್ಷಣಾ ಆದೇಶ ಇದೆ, ಅದನ್ನು ಮುರಿದಿದ್ದಾನೆ’ ಎಂದೇ ಶುರು ಮಾಡಿ. ‘ಮನೆಯಲ್ಲಿ ಗಲಾಟೆ’ ಎಂದರೆ ಬುದ್ಧಿ ಹೇಳಿ ಕಳಿಸುತ್ತಾರೆ.
• ಡಿವಿ ಕಾಯ್ದೆಯ 31ನೇ ಸೆಕ್ಷನ್ನಿನಡಿ ದೂರು ಕೊಡಿ.
• ಬರೀ ಹಿಂಬರಹ ಕೊಟ್ಟು ಕಳಿಸಿದರೆ ಅದನ್ನು ಹಿಡಿದು ಮ್ಯಾಜಿಸ್ಟ್ರೇಟರ ಬಳಿ ಹೋಗಿ.
• ಒಂದು ನೋಟ್ ಪುಸ್ತಕ ಇಟ್ಟು ಪ್ರತಿ ಸಲವೂ ಬರೆಯಿರಿ. ಹೀಗೆ:

‘ಸೋಮವಾರ, ಮಧ್ಯಾಹ್ನ 3.40. ಶಾಲೆಯ ಹಿಂದಿನ ಗೇಟು. ಬೈಕಿನ ಮೇಲೆ ಕೂತಿದ್ದ. ಮಗುವನ್ನು ಹೆಸರು ಹಿಡಿದು ಕರೆದ. ಬಿಸಿಯೂಟದ ಅಡುಗೆಯವರು ನೋಡಿದರು. 3.46ಕ್ಕೆ 112ಕ್ಕೆ ಫೋನ್ ಮಾಡಿದೆ.’

ಇಷ್ಟು ಸಾಕು. ಕೋಪ, ಶಾಪ, ಹಳೆಯ ಕತೆ ಆ ಪುಟದಲ್ಲಿ ಬೇಡ. ದಿನ, ಹೊತ್ತು, ಜಾಗ, ಕಂಡವರು ಯಾರು ಎಂಬ ನಾಲ್ಕು ಸಂಗತಿಗಳಿದ್ದ ಪುಟವನ್ನು ಎದುರು ಪಕ್ಷದ ವಕೀಲರು ಸುಲಭವಾಗಿ ಅಲುಗಾಡಿಸಲಾರರು.

ಜಾಮೀನಿನ ಹೊತ್ತಿಗೆ

• ಆರೋಪಿ ಜಾಮೀನು ಕೇಳಿದ್ದಾನೆಯೇ ಎಂದು ತನಿಖಾಧಿಕಾರಿಯನ್ನು ಆಗಾಗ ಕೇಳಿ. ಕೇಸಿನ ಬೆಳವಣಿಗೆ ತಿಳಿಸುವುದು ಅವರ ಕರ್ತವ್ಯ.
• ಸರ್ಕಾರಿ ಅಭಿಯೋಜಕರನ್ನು ಕಂಡು ಮಗುವಿನ ಭಯವೇನು ಎಂದು ಹೇಳಿ.
• ಜಾಮೀನು ಕೊಡುವುದೇ ಆದರೆ ಯಾವ ಷರತ್ತು ಬೇಕು ಎಂದು ಬರೆದು ಕೊಡಿ: ಮಗುವಿನ ಊರಿಗೆ ಬರಕೂಡದು, ಸಂಪರ್ಕಿಸಕೂಡದು, ಸಾಕ್ಷಿಗಳ ತಂಟೆಗೆ ಹೋಗಕೂಡದು.
• ಜಾಮೀನು ಆದೇಶದ ನಕಲು ಪಡೆಯಿರಿ.
• ಬೆದರಿಕೆ ಬಂದರೆ ಸಾಕ್ಷಿ ಸಂರಕ್ಷಣಾ ಯೋಜನೆ, 2018ರ ಅಡಿ ಅರ್ಜಿ ಹಾಕಿ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ ಅದನ್ನು ನೋಡುತ್ತದೆ.

ಹುಡುಗಿಯನ್ನು ಮದುವೆ ಮಾಡಿ ಕಳಿಸುವ ಮಾತು ಶುರುವಾದರೆ

• 1098ಕ್ಕೆ ತಿಳಿಸಿ.
• ಬಾಲ್ಯವಿವಾಹ ನಿಷೇಧ ಕಾಯ್ದೆ, 2006ರ 13ನೇ ಸೆಕ್ಷನ್ನಿನಡಿ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತನ್ನಿ. ಅದನ್ನು ಮೀರಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.
• ಛತ್ರದವರಿಗೆ, ಪುರೋಹಿತರಿಗೆ ತಡೆಯಾಜ್ಞೆಯ ನಕಲು ತಲುಪಿಸಿ.

ಮಾಡಬಾರದ್ದು

ಮನೆಯವರು

• ರಾಜಿ ಪಂಚಾಯಿತಿ ಬೇಡ. ಊರ ಹಿರಿಯರ ಮುಂದೆ ಬೇಡ, ಠಾಣೆಯ ಹಿಂದಿನ ಕೋಣೆಯಲ್ಲೂ ಬೇಡ. ಶಿಕ್ಷಕನೊಬ್ಬನ ಪೋಕ್ಸೊ ಪ್ರಕರಣವನ್ನು ರಾಜಿಯಾಯಿತೆಂದು ರದ್ದು ಮಾಡಿದ್ದ ರಾಜಸ್ಥಾನ ಹೈಕೋರ್ಟಿನ ಆದೇಶವನ್ನು ಸುಪ್ರೀಂ ಕೋರ್ಟು 2024ರ ನವೆಂಬರ್‌ನಲ್ಲಿ ತಳ್ಳಿಹಾಕಿದೆ.
• ದೇವರಿಗೆ ತಪ್ಪುಕಾಣಿಕೆ ಇಟ್ಟನೆಂದು ಬಿಟ್ಟುಬಿಡಬೇಡಿ.
• ‘ಎಷ್ಟಾದರೂ ಅಪ್ಪ ಅಲ್ಲವೇನಮ್ಮ’ ಎಂಬ ಮಾತಿಗೆ ಬಗ್ಗಬೇಡಿ. ಅಪ್ಪನೆಂದೇ ಆದೇಶ ಬೇಕಾದದ್ದು.
• ಮಗುವನ್ನು ಅವನೆದುರು ನಿಲ್ಲಿಸಿ ‘ಈಗ ಹೇಳು ನೋಡೋಣ’ ಎನ್ನಬಾರದು.
• ಆದದ್ದನ್ನು ಮತ್ತೆ ಮತ್ತೆ ಹೇಳಿಸಬೇಡಿ. ಬಂದ ನೆಂಟರಿಗೆಲ್ಲ ಹೇಳಿಸುವುದಂತೂ ಬೇಡವೇ ಬೇಡ.
• ಹೇಳಿಕೆಗೆ ಮಾತು ಕಲಿಸಿಕೊಡಬೇಡಿ.
• ಆಗದ್ದನ್ನು ಸೇರಿಸಬೇಡಿ. ಒಂದು ಸುಳ್ಳು ಸಿಕ್ಕಿದರೆ ಮಗು ಹೇಳಿದ ಹತ್ತು ನಿಜವನ್ನೂ ಕೋರ್ಟು ಅನುಮಾನಿಸುತ್ತದೆ.
• ಮಗು ಅಳುತ್ತಾ ಹೇಳುವುದನ್ನು ಫೋನಿನಲ್ಲಿ ವಿಡಿಯೊ ಮಾಡಿ ಹಂಚಬೇಡಿ.
• ಹಬ್ಬಕ್ಕೆ, ತಿಥಿಗೆ, ನಾಮಕರಣಕ್ಕೆ ‘ಒಂದು ದಿನ ತಾನೇ’ ಎಂದು ಮಗುವನ್ನು ಆ ಮನೆಗೆ ಕಳಿಸಬೇಡಿ.
• ಅವನಿಗೆ ನೀವಾಗಿ ಫೋನ್ ಮಾಡಬೇಡಿ. ಆದೇಶ ಅವನನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ, ನಿಜ. ಆದರೆ ‘ಇವರೇ ಕರೆದರು, ಭಯವಿದ್ದರೆ ಕರೆಯುತ್ತಿದ್ದರೇ’ ಎಂದು ಅವನ ವಕೀಲರು ಆ ಕರೆಯ ಪಟ್ಟಿಯನ್ನೇ ಕೋರ್ಟಿಗೆ ಹಾಜರುಪಡಿಸುತ್ತಾರೆ.
• ಬಾಗಿಲು ಬಡಿದರೆ ತೆಗೆಯಬೇಡಿ.
• ಅವನ ಮೇಲೆ ಕೈ ಮಾಡಬಾರದು. ಮರುದಿನವೇ ಪ್ರತಿದೂರು ಬರುತ್ತದೆ.
• ಅವನ ಮೆಸೇಜುಗಳನ್ನು ಅಳಿಸಬೇಡಿ.
• ಮಗುವಿಗೆ ಶಾಲೆ ಬಿಡಿಸಬೇಡಿ.
• ಭೇಟಿಗೆ ಬೇರೆ ಕೋರ್ಟಿನ ಆದೇಶವಿದ್ದರೆ ಅದನ್ನು ಮುಚ್ಚಿಡಬಾರದು. ಆ ಕೋರ್ಟಿನಲ್ಲೇ ಮಾರ್ಪಾಡು ಕೇಳುವ ಅರ್ಜಿ ಹಾಕಲು ಒಂದು ದಿನವೂ ತಡಮಾಡಬಾರದು.
• ಮಗು ಇರುವ ಜಾಗ ಅವನಿಗೆ ಗೊತ್ತಿಲ್ಲದಿದ್ದರೆ ಅದನ್ನು ಅರ್ಜಿಯಲ್ಲಿ ಬರೆಸಬೇಡಿ. ಅರ್ಜಿಯ ಪ್ರತಿ ಅವನ ಕೈಗೂ ಹೋಗುತ್ತದೆ. ಏನು ಬರೆಯಬೇಕೆಂದು ವಕೀಲರೊಂದಿಗೆ ಮೊದಲೇ ಮಾತಾಡಿ.

ಅಜ್ಜಿ ತಾತಂದಿರಿಗೆ ಒಂದು ಮಾತು. ಮಗ ಆದೇಶದಲ್ಲಿ ಸಿಕ್ಕಿಕೊಂಡಿದ್ದಾನೆ, ಮೊಮ್ಮಗಳು ದೂರವಾಗಿದ್ದಾಳೆ, ಸಂಕಟ ಆಗುತ್ತದೆ. ಆದರೆ ಅವನು ಕೊಟ್ಟ ಚಾಕೊಲೇಟನ್ನು ನಿಮ್ಮ ಕೈಯಿಂದ ಕೊಡಬೇಡಿ. ಅವನ ಫೋನನ್ನು ಮಗುವಿನ ಕಿವಿಗೆ ಹಿಡಿಯಬೇಡಿ. ‘ಅಪ್ಪ ಅಳ್ತಾ ಇದ್ದಾನೆ ಪುಟ್ಟಿ, ಒಂದ್ಸಲ ಮಾತಾಡು’ ಎನ್ನಬೇಡಿ. ಆ ಒಂದು ಮಾತಿಗೆ ಮಗು ತಾನೇ ಎಲ್ಲರನ್ನೂ ಅಳಿಸಿದೆ ಎಂದುಕೊಂಡು, ಹೇಳಿದ್ದನ್ನೆಲ್ಲ ವಾಪಸು ತೆಗೆದುಕೊಳ್ಳುತ್ತದೆ.

ಶಾಲೆಯವರು

• ಆಂತರಿಕ ವಿಚಾರಣೆ ಮುಗಿಯಲಿ ಎಂದು ದೂರನ್ನು ತಡೆಹಿಡಿಯಬಾರದು.
• ಶಾಲೆಯ ಹೆಸರು ಕೆಡುತ್ತದೆಂದು ತಾಯಿಯನ್ನು ತಡೆಯಬಾರದು.
• ಪಟ್ಟಿಯಲ್ಲಿ ಹೆಸರಿಲ್ಲದವರ ಜೊತೆ ಮಗುವನ್ನು ಕಳಿಸಬೇಡಿ. ‘ಚಿಕ್ಕಪ್ಪ ಸಾರ್, ಮನೆಯಲ್ಲಿ ಅಜ್ಜಿಗೆ ಸೀರಿಯಸ್’ ಎಂದರೂ ತಾಯಿಗೆ ಫೋನ್ ಮಾಡದೆ ಕಳಿಸಬೇಡಿ.
• ತಂದೆಯ ಸಹಿ ಇದೆಯೆಂದು ಟಿಸಿ ಕೊಡಬೇಡಿ.
• ಆದೇಶವನ್ನು ಸ್ಟಾಫ್ ರೂಮಿನ ಬೋರ್ಡಿಗೆ ಅಂಟಿಸಬೇಡಿ.
• ತರಗತಿಯಲ್ಲಿ ಮಗುವನ್ನು ಬೇರೆ ಕೂರಿಸಬೇಡಿ.
• ಹೆತ್ತವರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲೂ ಬೇಡ.

ಪೊಲೀಸರು, ಸಂರಕ್ಷಣಾಧಿಕಾರಿಗಳು

• ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಬಾರದು, ಯಾವ ಕಾರಣಕ್ಕೂ.
• ಆರೋಪಿಯೂ ಮಗುವೂ ಮುಖಾಮುಖಿಯಾಗುವಂತೆ ಬಿಡಬಾರದು.
• ‘ಮೊದಲು ಕೌನ್ಸೆಲಿಂಗ್, ಆಮೇಲೆ ಎಫ್‌ಐಆರ್’ ಎನ್ನಬಾರದು.
• ಪೋಕ್ಸೊ ಪ್ರಕರಣವನ್ನು ಮಕ್ಕಳ ಕಲ್ಯಾಣ ಸಮಿತಿಗೆ, ವಿಶೇಷ ನ್ಯಾಯಾಲಯಕ್ಕೆ ವರದಿ ಮಾಡುವ 24 ಗಂಟೆಯ ಗಡುವನ್ನು ಮೀರಬಾರದು.

ಸುದ್ದಿ ಮಾಡುವವರು, ಫಾರ್ವರ್ಡ್ ಮಾಡುವವರು

• ಮಗುವಿನ ಹೆಸರು, ಫೋಟೊ, ಮನೆ, ಶಾಲೆ, ಬೀದಿ, ಹೆತ್ತವರ ಹೆಸರು, ಯಾವುದನ್ನೂ ಹೊರಹಾಕಬಾರದು. ಪೋಕ್ಸೊ 23ನೇ ಸೆಕ್ಷನ್ನಿನಡಿ ಕನಿಷ್ಠ 6 ತಿಂಗಳ ಜೈಲಿದೆ.
• ಮುಖ ಮಸುಕು ಮಾಡಿ ಮನೆಯ ಬಾಗಿಲು ತೋರಿಸುವುದೂ ಬೇಡ.
• ಆರೋಪಿ ತಂದೆಯಾಗಿದ್ದರೆ ಅವನ ಹೆಸರನ್ನೂ ಬರೆಯಬೇಡಿ. ಅಪ್ಪನ ಹೆಸರು ಗೊತ್ತಾದರೆ ಮಗು ಯಾರೆಂದು ಊರಿಗೆಲ್ಲ ಗೊತ್ತು.

ಕಾಗದ ಪತ್ರಗಳಲ್ಲಿ

• ಖಾಲಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಬೇಡಿ.
• ಓದಿ ಹೇಳದ ಮೆಮೊಗೆ ಹೆಬ್ಬೆಟ್ಟು ಒತ್ತಬೇಡಿ.
• ವಿಚ್ಛೇದನದ ಒಪ್ಪಂದದಲ್ಲಿ ‘ಡಿವಿ ಕೇಸು ವಾಪಸು’ ಎಂಬ ಸಾಲನ್ನು ಗಮನಿಸದೆ ಒಪ್ಪಬೇಡಿ. ಜೀವನಾಂಶದ ಮೊತ್ತ ಹೆಚ್ಚಿಸುತ್ತೇವೆಂದು ಆ ಸಾಲನ್ನು ಸೇರಿಸುತ್ತಾರೆ.
• ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ, ನಕಲನ್ನೇ ಕೊಡಿ.
• ಒಂದು ವರ್ಷ ಅವನು ತಂಟೆಗೆ ಬರಲಿಲ್ಲವೆಂದು ಆದೇಶ ರದ್ದು ಮಾಡಿಸಬೇಡಿ. ಬಾರದಿದ್ದದ್ದು ಆದೇಶ ಇದ್ದುದರಿಂದ.
• ಅವನೇ ರದ್ದು ಕೋರಿ ಅರ್ಜಿ ಹಾಕಿದ್ದರೆ ಆ ವಾಯಿದೆಗೆ ಗೈರುಹಾಜರಾಗಬೇಡಿ. ಪರಿಸ್ಥಿತಿ ಬದಲಾಗಿದೆ ಎಂದು ಮನವರಿಕೆಯಾದರೆ ಮಾತ್ರ ಮ್ಯಾಜಿಸ್ಟ್ರೇಟರು ಆದೇಶ ತೆಗೆಯಬಹುದು. ಬದಲಾಗಿಲ್ಲ ಎಂದು ಹೇಳಲು ಅಂದು ನೀವು ಅಲ್ಲಿರಬೇಕು. ನೋಟ್ ಪುಸ್ತಕ ಮರೆತು ಹೋಗಬೇಡಿ.